ಮಯೂರಿ ಎಂಬವರು ಈ ವಿಳಾಸದಲ್ಲಿಲ್ಲ

ಮೂಡಲಗಿಯಿಂದ ಬಸ್ಸು ಹಿಡಿದು ಗೋಕಾಕಕ್ಕೆ ಹೋಗಿ, ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮುತ್ತಪ್ಪ ಇಟ್ಟಿದ್ದ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು, ತನ್ನ ಅರ್ಜಿ ಎಲ್ಲಿಗೆ ಬಂತೆಂದು ನೋಡಿ ಬರುವುದು ಆ ಬೇಸಿಗೆಯಲ್ಲಿ ಮಯೂರಿಗೆ ಒಂದು ಚಟವೇ ಆಗಿಬಿಟ್ಟಿತ್ತು. ವ್ಯಾಪಾರದ ಮೇಲೆ ಈ ಹೆಣ್ಣಿಗೆ ಎಂಥ ಆಸ್ಥೆ ಎಂದು ಮನೆಯವರು ಪಾಪ ಹೆಮ್ಮೆಪಟ್ಟುಕೊಂಡರು. ಆಸ್ಥೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಬರೀ ಅಷ್ಟಕ್ಕೆ ಏಪ್ರಿಲ್ ತಿಂಗಳ ಬಿಸಿಲಲ್ಲಿ ಯಾರೂ ಆ ಕೆಂಪು ಬಸ್ಸು ಹತ್ತುವುದಿಲ್ಲ.

ವ್ಯಾಪಾರವೆಂದರೆ ಮಸಾಲೆ ಖಾರದ್ದು. ಅವಳು ಸಂಕೇಶ್ವರದ ತವರಿನಲ್ಲಿ ಕಲಿತು ಬಂದ ಖಾರ, ಉಳ್ಳಾಗಡ್ಡಿ ಬಳ್ಳೊಳ್ಳಿ ಸೋಕಿಸದ ಜೈನರ ಮನೆಯ ಖಾರ. ಊರಿನ ಜಿನಮಂದಿರಕ್ಕೆ, ಬಸ್ತಿಗೆ ಬಂದುಹೋಗುವವರ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ಕೊಲ್ಲಾಪುರದ ವ್ಯಾಪಾರಿಯೊಬ್ಬ ಒಂದು ಡಬ್ಬಿ ಒಯ್ದವನು ಪೂರಾ ಒಂದು ಟೆಂಪೋ ಮಾಲು ಕೇಳಿದ. ಆದರೆ ಬಿಲ್ಲಿಲ್ಲದೆ ಒಲ್ಲೆನೆಂದ. ಬಿಲ್ಲು ಬೇಕೆಂದರೆ ತೆರಿಗೆ ಕಚೇರಿಯಲ್ಲಿ ವ್ಯಾಟ್ ನೋಂದಣಿಯಾಗಬೇಕು, ಅವರೊಂದು ನಂಬರು ಕೊಡಬೇಕು. ಗಂಡ ಅಭಿನಂದನ ತುಕ್ಕಾನಟ್ಟಿಯ ಹೊಲದಲ್ಲಿ ಕಬ್ಬು ಮಾಡುವವನು, ಖಾರದ ಉಸಾಬರಿ ತನಗೆ ಬೇಡವೆಂದ. "ನಿನ್ನ ಹೆಸರಲೇನ ಮಾಡಸೂಣು," ಎಂದು ಹೆಂಡತಿಯ ಕಾಗದಪತ್ರ ಮುತ್ತಪ್ಪನಿಗೆ ಕೊಟ್ಟು ಬಂದ. ಎರಡು ಸಾವಿರದ ಒಂಬತ್ತನೇ ಇಸವಿ ಅದು. ಅರ್ಜಿ ಎಲ್ಲಿದೆಯೆಂದು ಕಂಪ್ಯೂಟರಿನಲ್ಲೇ ನೋಡಬಹುದೆಂಬುದು ನಮ್ಮ ಕಡೆ ಇನ್ನೂ ಹೊಸ ಸಂಗತಿ.

ನಿನ್ನ ಹೆಸರಲೇ ಎಂದನಲ್ಲ ಅಭಿನಂದನ, ಅಲ್ಲಿದೆ ನೋಡಿ ಕಥೆ. ಮೂಡಲಗಿಯಲ್ಲಿ ಯಾರನ್ನು ಕೇಳಿದರೂ ಅವನ ಹೆಂಡತಿಯ ಹೆಸರು ತ್ರಿಶಲಾ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗನ ಕೈಗೆ ಉಂಗುರ ಕೊಟ್ಟು, ಅತ್ತೆ ಆರಿಸಿದ ಹೆಸರನ್ನು ಅಕ್ಕಿಯಲ್ಲಿ ಬರೆಸಿ, ಮಂಟಪದ ತುಂಬ ಪೇಢೆ ಹಂಚಿದರು. ಆ ಪೇಢೆ ಕರಗುವಷ್ಟರಲ್ಲಿ ಮಯೂರಿ ತ್ರಿಶಲಾ ಆಗಿದ್ದಳು. ಆ ಕಡೆಯ ಮದುವೆಗಳಲ್ಲಿ ಇದೇನು ಹೊಸದಲ್ಲ, ಅಳುವಂಥದ್ದೂ ಅಲ್ಲ ಎಂದು ಎಲ್ಲರೂ ಹೇಳಿದರು. ಅವಳೂ ಅಳಲಿಲ್ಲ. ಸುಂದರವಾದ ಹೆಸರೇ, ಮಹಾವೀರ ಸ್ವಾಮಿಯ ತಾಯಿಯ ಹೆಸರು. ಅಪ್ಪ ಬಾಬಾಸಾಹೇಬ ಮಾತ್ರ ಹಟ ಬಿಡಲಿಲ್ಲ. ಫೋನು ಮಾಡಿದಾಗಲೆಲ್ಲ "ನಮ್ಮ ಮಯೂರಿನ್ನ ಕರೀರಿ" ಎನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಫೋನೂ ನಿಂತಿತು. ತಾಯಿ, ಅಣ್ಣಂದಿರು ಬೀಗರ ಮುಂದೆ ಬಾಯಿ ತಪ್ಪಬಾರದೆಂದು ಎಂದೋ ತ್ರಿಶಲಾ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದರು.

ಆದರೆ ಅವಳ ಸಾಲಿಯ ಸರ್ಟಿಫಿಕೇಟು, ಪ್ಯಾನ್ ಕಾರ್ಡು ಎಲ್ಲ ಹಳೆಯ ಹೆಸರಿನಲ್ಲೇ ಇದ್ದವು. ಅರ್ಜಿಯೂ ಹಾಗೆಯೇ ಹೋಯಿತು. ಮೊದಲ ಸಲ ಮುತ್ತಪ್ಪ ಅರ್ಜಿಯ ಸಂಖ್ಯೆ ಒತ್ತಿದಾಗ ತೆರೆ ಬಹಳ ಹೊತ್ತು ಬೆಳ್ಳಗೇ ಇತ್ತು. ಆಮೇಲೆ ಸಾಲು ಸಾಲಾಗಿ ಮೂಡಿತು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಮಯೂರಿ ಬಾಬಾಸಾಹೇಬ ಮಗದುಮ್. ಅವಳ ಹೆಸರು, ಅದಕ್ಕೆ ಆತುಕೊಂಡು ಅಪ್ಪನ ಹೆಸರು. ಮಯೂರಿ ಒಂದೊಂದೇ ಅಕ್ಷರ ಓದಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು, ಸೆಕೆ ಎಂದಳು.

ಅಂದಿನಿಂದ ಹಿಡಿಯಿತು ಚಟ. ಹೋದಾಗಲೆಲ್ಲ ತೆರೆಯ ಮೇಲೆ ಅದೇ ಮಾತು: ಸ್ಥಳ ಪರಿಶೀಲನೆ ಬಾಕಿ. ಮುತ್ತಪ್ಪ ಒಳ್ಳೆಯ ಮನುಷ್ಯ, ಸುಮ್ಮನೆ ದುಡ್ಡು ತೆಗೆದುಕೊಳ್ಳಲು ಅವನಿಗೇ ಸಂಕೋಚವಾಯಿತು.

"ಅಕ್ಕಾರ, ಹೋದ ಸಲದ್ದ ಐತ್ರಿ. ಏನರ ಆದ್ರ ನಾನ ಫೋನ್ ಮಾಡತೇನಿ. ನೀವ್ಯಾಕ ಬಿಸಲಾಗ ತ್ರಾಸ ತಗೋತೀರಿ?"

"ಇರ್ಲಿ ಬಿಡ್ರಿ. ಬಾಜಾರದಾಗೂ ಕೆಲಸಿತ್ತು," ಎಂದಳು ಮಯೂರಿ. ಬಾಜಾರದಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ. "ಬಂದ್ ಮಾಡಬ್ಯಾಡ್ರಿ. ಜರಾ ಹಂಗ ಇರಲಿ, ನೋಡತೇನಿ."

ಮುತ್ತಪ್ಪ ಬೇರೆ ಗಿರಾಕಿಯ ಕಡೆ ಹೋದ. ಅವಳು ಕುರ್ಚಿ ಮುಂದೆ ಎಳೆದುಕೊಂಡು, ತನ್ನ ಹೆಸರನ್ನು ನೋಡುತ್ತ ಕುಳಿತಳು. ಆಸೆಯೆಂದರೆ ಇಷ್ಟೇ. ಆ ಹೆಸರಿನವಳು ಸಂಕೇಶ್ವರದ ಹೊಳೆದಂಡೆಯಲ್ಲಿ ಓಡಾಡಿದವಳು, ಜೋರಾಗಿ ನಕ್ಕವಳು, ಒಲ್ಲೆನೆಂದರೆ ಒಲ್ಲೆನೆನ್ನುವವಳು. ಅವಳೊಂದಿಗೆ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕು. ಅದಕ್ಕಿಂತ ಹೆಚ್ಚಿನದು ಏನು ಬೇಕೆಂದು ಕೇಳಿದ್ದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ.

ಮುಂದಿನ ಸಲ ಹೋದಾಗ ತೆರೆಯ ಮೇಲೆ ಮಾತು ಬದಲಾಗಿತ್ತು. ಮುತ್ತಪ್ಪ ಮೊದಲು ತಾನೊಬ್ಬನೇ ಓದಿಕೊಂಡ. ಕಿವಿ ಕೆರೆದುಕೊಂಡ. ಆಮೇಲೆ ಕನ್ನಡ ಮಾಡಿ ಹೇಳಿದ.

"ಪರಿಶೀಲನಿಗೆ ಬಂದಿದ್ರಂತ್ರಿ. ಮಯೂರಿ ಎಂಬವರು ಈ ವಿಳಾಸದಲ್ಲಿಲ್ಲ ಅಂತ ಮನಿಯವ್ರ ಹೇಳ್ಯಾರಂತ ಬರದಾರ." ತಾರೀಖು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. "ಅಯ್ಯ, ಅವತ್ತ ನೀವು ಇದ ಕುರ್ಚಿ ಮ್ಯಾಲೆ ಕುಂತಿದ್ರಲ್ರಿ ಅಕ್ಕಾರ!"

ಮಯೂರಿಗೆ ನಗು ಬರಲಿಲ್ಲ. ಇವಳು ಇಲ್ಲಿ ತನ್ನ ಹೆಸರನ್ನು ಕಣ್ತುಂಬ ನೋಡುತ್ತ ಕುಳಿತ ಹೊತ್ತಿನಲ್ಲೇ ಒಬ್ಬ ಮನುಷ್ಯ ಅವಳ ಮನೆಯ ಬಾಗಿಲಿಗೆ ಬಂದು, ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟು ಆ ಹೆಸರು ಹಿಡಿದು ಕರೆದು, ಅಂಥವರಿಲ್ಲವೆಂದು ಹೇಳಿಸಿಕೊಂಡು ಹೋಗಿದ್ದ. ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ಮುತ್ತಪ್ಪ ಎರಡು ದಾರಿ ಹೇಳಿದ. ಕೋರ್ಟಿನಲ್ಲಿ ಅಫಿಡವಿಟ್ ಮಾಡಿಸಿ, ಕಾಗದಪತ್ರವನ್ನೆಲ್ಲ ತ್ರಿಶಲಾ ಎಂದು ತಿದ್ದಿಸಿ, ಹೊಸದಾಗಿ ಅರ್ಜಿ ಹಾಕುವುದು ಒಂದು. ಇನ್ನೊಮ್ಮೆ ಪರಿಶೀಲನೆಗೆ ಬನ್ನಿ ಎಂದು ಕೇಳಿಕೊಳ್ಳುವುದು ಇನ್ನೊಂದು. ಆದರೆ ಆಗ ಅಧಿಕಾರಿಯ ಮುಂದೆ ಮನೆಯ ಹಿರಿಯರು, ಹೋದ ಸಲ ಇಲ್ಲವೆಂದವರೇ, ಮಯೂರಿ ಇಲ್ಲೇ ಇದ್ದಾಳೆಂದು ಸಾಕ್ಷಿ ಹೇಳಬೇಕು. ಆಗಲೂ ಇಲ್ಲವೆಂದರೆ ಅರ್ಜಿ ವಜಾ.

ಸಂಜೆ ಹೊಲದಿಂದ ಬಂದ ಅಭಿನಂದನ ಕೈಕಾಲು ತೊಳೆಯುತ್ತಲೇ ತೀರ್ಮಾನ ಮಾಡಿಬಿಟ್ಟ. ಪರಿಶೀಲನೆಗೆ ಬಂದ ದಿನ ಅಧಿಕಾರಿ ಅವನ ಮೊಬೈಲಿಗೂ ಫೋನು ಮಾಡಿದ್ದನಂತೆ. ಅದು ಅಂಗಿಯ ಕಿಸೆಯಲ್ಲಿ, ಅಂಗಿ ಹೊಲದ ಬೇವಿನ ಟೊಂಗೆಯ ಮೇಲೆ, ಅವನಿಗೆ ಕೇಳಿಸಿರಲಿಲ್ಲ.

"ಅಫಿಡವಿಟ್ಟ ಚಲೋ. ನಾ ಇನ್ನ ಮ್ಯಾಲೆ ಮಯೂರಿ ಅಲ್ಲ, ತ್ರಿಶಲಾ ಅಂತ ಒಂದ ಸಹಿ ಮಾಡಿದ್ರ ಮುಗದ ಹೋತು."

"ನಾ ಒಲ್ಲೆ," ಎಂದಳು ಮಯೂರಿ.

ಅವನು ಚರಿಗೆ ಕೆಳಗಿಟ್ಟು ನೋಡಿದ. ಹೆಂಡತಿಯ ಬಾಯಲ್ಲಿ ಆ ಮಾತು ಅವನು ಕೇಳಿರಲಿಲ್ಲ.

"ಕರಿಯಾಕ ತ್ರಿಶಲಾ ಅನ್ರಿ, ಏನರ ಅನ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಮಯೂರಿ ಅಲ್ಲ ಅಂತ ನನ್ನ ಕೈಲೆ ಬರದ ಕೊಡು ಅನ್ನಬ್ಯಾಡ್ರಿ. ಅದೊಂದ ಆಗಂಗಿಲ್ಲ ನನ್ನ ಕಡಿಂದ."

ಅಭಿನಂದನ ಕೆಟ್ಟವನಲ್ಲ. ಚರಿಗೆ ಮತ್ತೆ ಎತ್ತಿಕೊಂಡು, "ಹಂಗಾರ ಅವ್ವನ್ನ ಕೇಳು," ಎಂದ. ಕಷ್ಟವಾದುದನ್ನೆಲ್ಲ ತಾಯಿಯ ಮೇಲೆ ಹಾಕುವುದು ಅವನ ಹಳೆಯ ಜಾಣತನ.

ತಾಯಿ ಇಂದುಬಾಯಿ ಸಾಮಾನ್ಯದ ಹೆಂಗಸಲ್ಲ. ಹೋದ ಚಾತುರ್ಮಾಸದಲ್ಲಿ ಬಸ್ತಿಗೆ ಬಂದಿದ್ದ ಮುನಿಗಳ ಮುಂದೆ, ಬದುಕಿರುವ ತನಕ ಸುಳ್ಳಾಡುವುದಿಲ್ಲವೆಂದು ವ್ರತ ಹಿಡಿದವಳು. ಅಂದಿನಿಂದ ಓಣಿಯ ಹೆಂಗಸರು ಅವಳಿಗೆ ಹೊಸ ಸೀರೆ ತೋರಿಸುವುದನ್ನು ಬಿಟ್ಟಿದ್ದರು. ಸೊಸೆ ಎಲ್ಲ ಹೇಳಿದ್ದನ್ನು ಕೇಳಿ, ಅವಳು ಹುಣಸೆಹಣ್ಣಿನ ಬೀಜ ತೆಗೆಯುತ್ತಲೇ ಆಗದೆಂದು ತಲೆಯಾಡಿಸಿದಳು.

"ಅಂವ ಬಂದಾಗ ನಾ ಖರೇನ ಹೇಳೇನಿ. ಈ ಮನ್ಯಾಗ ತ್ರಿಶಲಾ ಅದಾಳ. ನಾನ ಇಟ್ಟ ಹೆಸರು, ನಾಕ ಮಂದಿ ಮುಂದ ಇಟ್ಟದ್ದು. ಮಯೂರಿ ಅದಾಳಂದ್ರ ಸುಳ್ಳಾಗತೈತಿ. ವ್ರತ ಮುರದ ನಾ ಖಾರ ಮಾರಂಗಿಲ್ಲವಾ."

"ಹಂಗಾರ ಮಯೂರಿ ಎಲ್ಲಿ ಹೋದ್ಲ್ರಿ ಅತ್ತಿ?"

ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂತು. ಇಂದುಬಾಯಿಯ ಕೈ ನಿಂತಿತು. ಮರುದಿನ ಅವಳು ಬಸ್ತಿಗೆ ಹೋಗಿ ಪಂಡಿತರನ್ನು ಏನೋ ಕೇಳಿ ಬಂದಳು. ಅವರು ಏನೆಂದರೋ ತಿಳಿಯದು, ಮುಖ ಮಾತ್ರ ಗಂಟು ಹಾಕಿಕೊಂಡು ಬಂದಳು.

ಮುತ್ತಪ್ಪ ಮರುಪರಿಶೀಲನೆಗೆ ಕೇಳಿಕೊಂಡ. ಅಧಿಕಾರಿ ಯಾವ ದಿನ ಬಂದಾನೋ ಎಂದು ಮಯೂರಿ ಮನೆ ಬಿಟ್ಟು ಕದಲಲಿಲ್ಲ. ಗೋಕಾಕದ ಬಸ್ಸು ಓಣಿಯ ತುದಿಯಲ್ಲಿ ಹಾರ್ನ್ ಹೊಡೆದು ಹೋಗುತ್ತಿತ್ತು, ಅವಳು ಮೆಣಸಿನಕಾಯಿ ಹುರಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಆ ತೆರೆ, ಆ ದೊಡ್ಡ ಅಕ್ಷರಗಳು, ಅಪ್ಪನ ಹೆಸರು, ಎಲ್ಲ ಬಹಳ ನೆನಪಾದವು. ಊಟ ಸೇರಲಿಲ್ಲ. ಘಾಟಿಗೆ ಕಣ್ಣೀರು ಬಂದರೆ ಒಳ್ಳೆಯದೇ ಆಯಿತೆಂದು ಸ್ವಲ್ಪ ಹೆಚ್ಚಾಗಿಯೇ ಅತ್ತಳು.

ಒಂದು ಮಧ್ಯಾಹ್ನ ಇಂದುಬಾಯಿ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತಳು.

"ಒಂದ ಮಾತ ಕೇಳತೇನಿ, ಖರೆ ಹೇಳು. ಯಾರರ ಆ ಹೆಸರ ಹಿಡದ ಕರದ್ರ, ಇನ್ನೂ 'ಓ' ಅಂತೀಯೇನು?"

"ಅಂತೇನ್ರಿ ಅತ್ತಿ. ಕರಿಯಾವ್ರ ಇಲ್ಲ," ಎಂದಳು ಮಯೂರಿ.

ಇಂದುಬಾಯಿ ಇನ್ನೂ ಏನೋ ಕೇಳುವವಳಂತೆ ನಿಂತಳು. ಕೇಳದೆ ಹೋದಳು.

ಅಧಿಕಾರಿ ಬಂದದ್ದು ಶನಿವಾರ ಬೆಳಿಗ್ಗೆ, ಮೋಟರ್ ಸೈಕಲ್ಲಿನಲ್ಲಿ. ಅಭಿನಂದನ ಆ ದಿನ ಹೊಲಕ್ಕೆ ಹೋಗಿರಲಿಲ್ಲ. ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಿಸಿದ. ಹಿತ್ತಲ ಕೋಣೆಯಲ್ಲಿ ಖಾರ ಕುಟ್ಟುವ ಯಂತ್ರದ ಸದ್ದಾಗುತ್ತಿತ್ತು, ಮಯೂರಿ ಅಲ್ಲೇ ಇದ್ದಳು. ಅಧಿಕಾರಿ ಚೀಲದಿಂದ ಕಾಗದ ತೆಗೆದು, ಬಾಗಿಲಿಗೆ ಆತು ಕುಳಿತಿದ್ದ ಇಂದುಬಾಯಿಯನ್ನು ನೋಡಿ ಗುರುತು ಹಿಡಿದ.

"ಹೋದ ಸಲ ನೀವ ಹೇಳಿದ್ರಲ್ರಿ ಅವ್ವಾರ, ಇಲ್ಲ ಅಂತ? ಈಗ ವಿಚಾರ ಮಾಡಿ ಹೇಳ್ರಿ. ಮಯೂರಿ ಅನ್ನವ್ರು ಈ ಮನ್ಯಾಗ ಅದಾರೋ ಇಲ್ಲೋ?"

ಅಭಿನಂದನ ತಾಯಿಯ ಮುಖ ನೋಡಿದ. ಒಳಗೆ ಯಂತ್ರದ ಸದ್ದು ನಿಂತಿತು. ಮಯೂರಿಗೆ ಆ ಮಾತು ಕೇಳಿಸಿತ್ತು, ಗುಂಡಿ ಒತ್ತಿದ ಕೈ ಹಾಗೇ ಉಳಿದಿತ್ತು. ಇನ್ನೊಮ್ಮೆ ಇಲ್ಲವೆಂದರೆ, ಕಾಗದದಲ್ಲೂ ತಾನು ಮುಗಿದೆನೆಂದು ಅವಳಿಗೆ ಗೊತ್ತಿತ್ತು.

"ತಡೀರಿ, ನೋಡೂಣು," ಎಂದಳು ಇಂದುಬಾಯಿ. ಮನೆಯ ಒಳಗೆ ಮುಖ ತಿರುಗಿಸಿದಳು. ಸೊಸೆಯನ್ನು ಕರೆಯುವ ದಿನನಿತ್ಯದ ದನಿಯಲ್ಲಲ್ಲ, ಓಣಿಯ ಆಚೆ ತುದಿಯಲ್ಲಿ ಆಡುತ್ತಿರುವ ಹುಡುಗಿಯನ್ನು ಊಟಕ್ಕೆ ಕರೆಯುವಂತೆ ಕೂಗಿದಳು. "ಮಯೂರೀ! ಏ ಮಯೂರೀ!"

"ಓ!"

ಆ ಓ ಎಷ್ಟು ಜೋರಾಗಿ ಬಂತೆಂದರೆ ಅಭಿನಂದನ ಬೆಚ್ಚಿಬಿದ್ದ. ಅದರ ಬೆನ್ನ ಹಿಂದೆಯೇ ಮಯೂರಿ, ಮೊಣಕೈ ತನಕ ಕೆಂಪು ಖಾರ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ, ಓಡಿ ಬಂದು ಹೊಸ್ತಿಲಲ್ಲಿ ನಿಂತಳು. ಏದುಸಿರು ಬಿಡುತ್ತಿದ್ದಳು. ನಗುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು.

"ಕೇಳಿದ್ರಿಲ್ಲ? ಅದಾಳ," ಎಂದಳು ಇಂದುಬಾಯಿ. "ಹೋದ ಸಲ ನಾ ಕರದ ನೋಡಿರಲಿಲ್ಲ. ತಪ್ಪಾತು."

ಅಧಿಕಾರಿ ನಕ್ಕ. ಕೋಣೆ ನೋಡಿ ಬಂದ, ಯಂತ್ರ ನೋಡಿದ, ಪ್ಯಾನ್ ಕಾರ್ಡಿನ ಫೋಟೋಗೂ ಖಾರ ಮೆತ್ತಿದ ಮುಖಕ್ಕೂ ತಾಳೆ ನೋಡಿದ. ಎಲ್ಲ ಬರೋಬರಿ ಐತಿ, ಇನ್ನು ನಂಬರಿಗೆ ಅಡ್ಡಿಯಿಲ್ಲ ಎಂದ. ಸಾಕ್ಷಿಯ ಜಾಗ ಒಂದು ಖಾಲಿ ಇತ್ತು.

"ನಿಮ್ಮ ಹೆಸರು ಹೇಳ್ರಿ ಅವ್ವಾರ, ಬರಕೋತೇನಿ."

ಇಂದುಬಾಯಿ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಚಂಪಾ," ಎಂದಳು.

"ಅವ್ವಾ!" ಎಂದ ಅಭಿನಂದನ. "ಅಲ್ರಿ ಸಾಹೇಬ್ರ, ಇಂದುಬಾಯಿ ಅಂತ ಬರಕೋರಿ, ವಯಸ್ಸಾಗೈತಿ ಆಕಿಗೆ."

"ವಯಸ್ಸಾಗೈತಿ, ಸುಳ್ಳಾಡೂದ ಬಿಟ್ಟೇನಿ," ಎಂದಳು ಮುದುಕಿ. "ಇಂದುಬಾಯಿ ಈ ಮನಿಯವ್ರ ಇಟ್ಟದ್ದು. ಹುಕ್ಕೇರ್ಯಾಗ ನಮ್ಮಪ್ಪನ ಮನ್ಯಾಗ ನಾ ಚಂಪಾ ಇದ್ದೆ. ಸಾಲಿಗೆ ಹೋದಾಕಿ ಅಲ್ಲ, ನಂದು ಎಲ್ಲೂ ಬರದಿಲ್ಲ. ಕರಿಯಾವ್ರೂ ಯಾರೂ ಉಳದಿಲ್ಲ."

ನಲವತ್ತು ದಾಟಿದ ಮಗನಿಗೆ ತಾಯಿಯ ಹೆಸರು ಆ ಗಳಿಗೆಯಲ್ಲಿ ಗೊತ್ತಾಯಿತು. ಅಧಿಕಾರಿ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದ. ಕಾನೂನು ಏನನ್ನುತ್ತಿತ್ತೋ ಅವನಿಗೇ ಗೊತ್ತು. ಇಂದುಬಾಯಿ ಎಂದು ಬರೆದು, ಅದರ ಮುಂದೆ ಉರ್ಫ್ ಹಾಕಿ, ಚಂಪಾ ಎಂದೂ ಬರೆದ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಕಾಗದ ಮುಂದೆ ಹಿಡಿದ.

ಇಂದುಬಾಯಿ ಹೆಬ್ಬೆಟ್ಟು ಕೊಡಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸೊಸೆಯ ಕಡೆ ಚಾಚಿದಳು.

"ಅಂವ ಏನ ಬರದಾನ, ಓದು."

ಸೊಸೆಯಾದವಳು ಅತ್ತೆಯ ಹೆಸರು ಹಿಡಿಯುವುದುಂಟೇ? ಮಯೂರಿ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಅತ್ತೆಯ ಪಕ್ಕದಲ್ಲಿ ಕುಳಿತು, ಕೆಂಪು ಬೆರಳನ್ನು ಅಕ್ಷರಕ್ಕೆ ತಾಗದಂತೆ ಇಟ್ಟು, ಮೆಲ್ಲಗೆ ಓದಿದಳು.

"ಚಂಪಾ."

"ಜೋರಲೆ ಓದವಾ," ಎಂದಳು ಮುದುಕಿ. "ಇನ್ನೊಮ್ಮೆ."