ಹನ್ನೆರಡು ಸೊನ್ನೆಗಳು

ನಿಡಸೋಸಿಯಲ್ಲಿ ಬಾಡಿಗೆಗಿದ್ದ ಗಣಿತದ ಮೇಡಂ ಶುಭಾಂಗಿಗೆ ಆ ವಾರ ಹಿಗ್ಗೋ ಹಿಗ್ಗು. ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸಿನ ಮೇಲೆ ನಾಲ್ಕು ವರ್ಷ ಬೆವರು ಸುರಿಸಿ ಬರೆದ ಸಮೀಕರಣಗಳು ಕೊನೆಗೂ ಮಾತು ಕೇಳಿದ್ದವು. ಆ ವೈರಸ್ಸಿನಲ್ಲಿ ಒಂದು ಜೀನ್ ಇನ್ನೆರಡು ಪುಂಡ ಜೀನ್‌ಗಳನ್ನು ಅಂಕೆಯಲ್ಲಿಡುತ್ತದೆ. ಅದು ಮುರಿದರೆ ಪುಂಡರದೇ ದರ್ಬಾರು, ಕ್ಯಾನ್ಸರಿಗೆ ದಾರಿ. ಎಷ್ಟು ಹೆಂಗಸರಲ್ಲಿ ಅದು ಮುರಿಯುತ್ತದೆ, ಎಷ್ಟು ಜನರಲ್ಲಿ ವೈರಸ್ ತಾನಾಗಿಯೇ ಹೋಗುತ್ತದೆ ಎಂದು ಅವಳ ಲೆಕ್ಕ ಹೇಳುತ್ತಿತ್ತು. ಗೋಕಾಕ ತಾಲ್ಲೂಕಿನ ಆರೋಗ್ಯ ಶಿಬಿರಗಳಲ್ಲಿ ನಡೆದ ಪರೀಕ್ಷೆಗಳೂ ಹೂಂ ಅಂದಿದ್ದವು. ಪಿಎಚ್‌ಡಿ ಪ್ರಬಂಧ ಒಪ್ಪಿಸಲು ಹತ್ತು ದಿನ ಉಳಿದಿತ್ತು.

ಶಿಬಿರದ ನರ್ಸ್ ಆಮ್ರಪಾಲಿ ಪಟ್ಟಿ ನೋಡುತ್ತ, ಮಮದಾಪುರದ ಹನ್ನೆರಡು ಹೆಂಗಸರ ಹೆಸರಿನ ಮುಂದಿನ ಸೊನ್ನೆ ಏನೆಂದು ಕೇಳಿದಳು. ಮೊದಲ ಪರೀಕ್ಷೆಯಲ್ಲಿ ಅವರಿಗೆ ವೈರಸ್ ಇತ್ತು, ಎರಡು ವರ್ಷದ ಮೇಲೆ ಕರೆದಾಗ ಬರಲಿಲ್ಲ, ಆರಾಮಿದ್ದವರು ಯಾಕೆ ಬರುತ್ತಾರೆ, ಅದಕ್ಕೇ ವೈರಸ್ ಹೋಗಿದೆ ಅಂತ ಹಿಡಿದೆ ಎಂದಳು ಶುಭಾಂಗಿ.

"ಅವರು ಕುರಿ ಕಾಯೋ ಮಂದಿರಿ ಮೇಡಂ. ಎರಡನೇ ಶಿಬಿರ ಇಟ್ಟದ್ದು ಸುಗ್ಗಿಯೊಳಗ. ಆವಾಗ ಕುರಿ ಹೊಡಕೊಂಡ ಊರ ಬಿಟ್ಟಿರತಾರ."

ಆ ಹನ್ನೆರಡನ್ನು ತೆಗೆದು ನೋಡಿದರೆ ಲೆಕ್ಕ ಕುಸಿದು ಕೂತಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಅವಳಿಗೂ ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನ ಇಬ್ಬರೂ ಯಮಕನಮರಡಿಯ ಹೊಲವೊಂದರಲ್ಲಿ ಕುರಿ ನಿಲ್ಲಿಸಿದ್ದ ಶೆಟ್ಟೆವ್ವನನ್ನು ಹುಡುಕಿದರು. ಆ ಹನ್ನೆರಡರಲ್ಲಿ ಮೊದಲ ಹೆಸರು ಅವಳದೇ. ಹುಕ್ಕೇರಿಯಲ್ಲಿ ಪರೀಕ್ಷೆ ಮಾಡಿಸಿದರು. ವಾರ ಕಳೆದು ವರದಿ ಬಂತು: ಅಂಕೆಯ ಜೀನ್ ಮುರಿದಿದೆ, ಜೀವಕೋಶಗಳು ಕೆಡತೊಡಗಿವೆ. ಕ್ಯಾನ್ಸರ್ ಇನ್ನೂ ಆಗಿಲ್ಲ, ಈಗಲೇ ಚಿಕಿತ್ಸೆ ಮಾಡಿದರೆ ಭಯವಿಲ್ಲ ಎಂದರು ಡಾಕ್ಟರು. ಶುಭಾಂಗಿ ಆ ದಿನವೇ ಗೈಡಿಗೆ ಫೋನ್ ಮಾಡಿ, ಪ್ರಬಂಧ ಈ ವರ್ಷ ಆಗುವುದಿಲ್ಲ ಎಂದು ಹೇಳಿ, ನೇರ ಹೊಲಕ್ಕೆ ಹೋಗಿ ಶೆಟ್ಟೆವ್ವನಿಗೆ ವರದಿಯನ್ನೂ ಚಿಕಿತ್ಸೆಯ ದಿನವನ್ನೂ ತಿಳಿಸಿದಳು.

"ನಿಮ್ಮನ್ನ ನೋಡದ, ಗುಣಾ ಆಗೇತಿ ಅಂತ ನಾನ ಬರದಿದ್ದೆರಿ," ಎಂದಳು.

ಶೆಟ್ಟೆವ್ವ ಸಿಟ್ಟು ಮಾಡಲಿಲ್ಲ. ಹಾಗೆ ಇನ್ನೆಷ್ಟು ಮಂದಿಗೆ ಬರೆದಿದ್ದೀ ಎಂದಷ್ಟೇ ಕೇಳಿದಳು. ಹನ್ನೊಂದು ಎಂದಳು ಶುಭಾಂಗಿ. ಶೆಟ್ಟೆವ್ವ ಗಂಡ ಹೊಳೆಪ್ಪನಿಗೆ ಕುರಿ ನೋಡಿಕೋ ಎಂದು ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅವರೆಲ್ಲಾ ಮೂಡಲಗಿ ಕಡೆ ಅದಾರ, ನನಗ ಗೊತ್ತೈತಿ. ನಡಿಯವ್ವಾ. ಮೊದಲ ಅವರ ಮಾರಿ ನೋಡು, ಆಮ್ಯಾಲ ಬರಿಯುವಂತಿ."