ಕೊನೆಯ ಗೋಡೆಯ ಕೋಳಿ

ಮೂವತ್ತೆರಡು ವರ್ಷ ನಗುವ ಕೋಳಿಗಳನ್ನು ಬರೆದು ನನಗೆ ಸಾಕುಸಾಕಾಗಿತ್ತು. ಮೊಟ್ಟೆ ವ್ಯಾನು, ಅಂಗಡಿ ಬೋರ್ಡು, ಎಲ್ಲಿ ಬರೆದರೂ ಅದೇ ಹಸಿರು ಹುಲ್ಲು, ಅದೇ ಕೆಂಪು ಜುಟ್ಟು. ಭುಜವೂ ಕೈಕೊಟ್ಟಿತ್ತು. ಕೋಳಿ ಫಾರಂನ ಈ ಗೋಡೆಯೇ ಕೊನೆಯದು ಎಂದು ಮನೆಯವಳಿಗೆ ಮಾತು ಕೊಟ್ಟು ಬಂದಿದ್ದೆ.

ಬಣ್ಣ ಕಲಸಲು ನೀರು ಹುಡುಕಿಕೊಂಡು ಶೆಡ್ಡಿನೊಳಗೆ ಹೋದೆ. ಇಷ್ಟು ವರ್ಷದಲ್ಲಿ ಅದೇ ಮೊದಲು. ಕೋಳಿ ಬರೆಯಲು ಕೋಳಿಯನ್ನು ನೋಡಬೇಕೆಂದು ಈ ಮಹಾಶಯನಿಗೆ ಯಾವತ್ತೂ ಅನಿಸಿರಲಿಲ್ಲ. ಹುಲ್ಲಿನ ಮಾತು ಹಾಗಿರಲಿ, ಅಲ್ಲಿ ರೆಕ್ಕೆ ಬಿಚ್ಚಲೂ ಜಾಗವಿಲ್ಲ. ಒಂದೊಂದು ಪಂಜರದಲ್ಲಿ ಐದೈದು, ಬರೀ ತಂತಿಯ ಮೇಲೆ ನಿಂತಿದ್ದವು. ಎಲ್ಲದರ ಕೊಕ್ಕೂ ಮೊಂಡು. ಒಂದನ್ನೊಂದು ಕುಕ್ಕಬಾರದೆಂದು ಮರಿಯಲ್ಲೇ ಬಿಸಿ ಬ್ಲೇಡಿನಿಂದ ಕತ್ತರಿಸುತ್ತಾರಂತೆ. ಮೊಟ್ಟೆ ಆರಿಸುತ್ತಿದ್ದ ಹೆಂಗಸು ಹೇಳಿದಳು. ನನ್ನ ಮೇಲೇ ಸಿಟ್ಟು ಬಂತು.

ಕೊನೆಯ ಗೋಡೆಯಲ್ಲಾದರೂ ಸುಳ್ಳು ಬರೆಯಬಾರದು ಎಂದುಕೊಂಡೆ. ಹುಲ್ಲು ಬಿಟ್ಟೆ, ನಗು ಬಿಟ್ಟೆ. ಮೂರು ದಿನ ಏಣಿ ಹತ್ತಿ ಇಳಿದು ಎರಡಾಳೆತ್ತರದ ಒಂದೇ ಕೋಳಿ ಬರೆದೆ. ಪುಕ್ಕ ಉದುರಿದ ಕುತ್ತಿಗೆ, ಮೊಂಡು ಕೊಕ್ಕು, ನೋಡುವವರನ್ನೇ ನೋಡುವ ಕಣ್ಣು. ಮಾಲೀಕರು ಬೈದು ಓಡಿಸಲಿ ಎಂದು ತಯಾರಾಗಿದ್ದೆ.

ಮಾಲೀಕರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ಭೇಷ್ ಪೇಂಟರೇ, ಥೇಟ್ ನಮ್ಮ ಕೋಳೀನೇ. ನಾಳೆ ಪಕ್ಕದಲ್ಲಿ ಫೋನ್ ನಂಬರ್ ಬರೆದುಬಿಡಿ.”

ಗೇಲಿಯಲ್ಲ, ನಿಜವಾಗಿಯೇ ಹೇಳಿದರು. ಅಪ್ಪನ ಕಾಲದ ಫಾರಂನಲ್ಲೇ ಬೆಳೆದವರು. ಇಡೀ ಕೊಕ್ಕಿನ ಕೋಳಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲವೇನೋ. ಏಣಿಯ ಬುಡದಲ್ಲಿ ಕೂತುಬಿಟ್ಟೆ.

ಸಂಜೆ ಕೆಲಸ ಮುಗಿಸಿ ಹೊರಟ ಆ ಹೆಂಗಸು ಗೋಡೆಯ ಮುಂದೆ ಬಹಳ ಹೊತ್ತು ನಿಂತಳು.

“ಕೊಕ್ಕು ಕತ್ತರಿಸೋದು ನಾನೇ ಅಣ್ಣ. ಮಿಷಿನ್ ಮುಂದೆ ಕೂತಾಗ ನಾನು ಮುಖ ನೋಡಲ್ಲ. ಇಲ್ಲಿ ನೋಡೋ ಹಾಗೆ ಮಾಡಿಬಿಟ್ರಿ.”

ಹೊಡೆಯಬೇಕೆಂದಿದ್ದು ಯಾರಿಗೆ, ಪೆಟ್ಟು ಬಿದ್ದಿದ್ದು ಯಾರಿಗೆ. ನಾಚಿಕೆಯಾಯಿತು.

“ತಪ್ಪಾಯ್ತಮ್ಮ,” ಎಂದೆ.

“ದಿನಾ ಇದರ ಮುಂದೇನೇ ಒಳಗೆ ಹೋಗ್ಬೇಕು ನಾನು. ಇದೊಂದಕ್ಕಾದ್ರೂ ಕೊಕ್ಕು ಕೊಡಿ.”

ಭುಜ ನೀವಿಕೊಂಡು ಮತ್ತೆ ಏಣಿ ಹತ್ತಿದೆ. ಅವಳು ಕೆಳಗೆ ಏಣಿ ಹಿಡಿದು ನಿಂತಳು. ಉದ್ದನೆಯ, ಚೂಪಾದ, ಹಳದಿ ಕೊಕ್ಕು ಬರೆದೆ.

ಮರುದಿನ ನಂಬರ್ ಬರೆಯುತ್ತಿದ್ದಾಗ ಮಾಲೀಕರು ಮುಖ ಗಂಟಿಕ್ಕಿಕೊಂಡು ಬಂದರು. “ಇದೇನ್ರೀ, ಮೂತಿ ಕೆಡಿಸಿಬಿಟ್ರಲ್ಲ. ಕೋಳಿ ಎಲ್ಲಾದ್ರೂ ಹೀಗಿರುತ್ತಾ? ಆ ಕೊಕ್ಕಿನ ತುದಿಗೆ ಬಿಳಿ ಬಳಿದು ನಿನ್ನೆ ಇದ್ದ ಹಾಗೆ ಮಾಡಿ.”

“ಬಿಳಿ ಬಣ್ಣ ಮುಗೀತು ಸಾರ್,” ಎಂದೆ.

ಡಬ್ಬ ಕಾಲ ಬಳಿಯೇ ಇತ್ತು, ಅರ್ಧಕ್ಕಿಂತ ಹೆಚ್ಚೇ ಬಣ್ಣವಿತ್ತು. ಮುಚ್ಚಳ ಒತ್ತಿ ಚೀಲಕ್ಕೆ ಹಾಕಿಕೊಂಡೆ. ಕೊನೆಯ ಗೋಡೆಯ ಹತ್ತಿರವೂ ಸುಳ್ಳು ಹೇಳಿಯೇ ಮನೆಗೆ ಹೋದೆ.