ಏಳು ತೂತು

"ಯಾರು ಎತ್ತಿದ್ದು ಇದನ್ನ?"

ಹೊಸ ಹೀಟರು ಕೂರಿಸಲು ಬಂದಿದ್ದ ಕರೆಂಟು ಮೇಸ್ತ್ರಿ ಹೀಗೆ ಕೇಳಿದ್ದು ಮೂರನೆಯ ಸಲ. ಶೆಡ್ಡಿನಲ್ಲಿದ್ದವರೆಲ್ಲ ಅವನ ಕೈಯಲ್ಲಿದ್ದ ಕಬ್ಬಿಣದ ಪಟ್ಟಿಯನ್ನು ನೋಡಿದರೇ ಹೊರತು ಮುಖ ನೋಡಲಿಲ್ಲ.

ಅವನು ಮರದ ಸ್ಟೂಲಿನ ಮೇಲೆ ನಿಂತಿದ್ದ. ಎದುರಿಗೆ ಎದೆಮಟ್ಟದ ತೊಟ್ಟಿ. ಕಬ್ಬಿಣದ ಸಾಮಾನುಗಳಿಗೆ ಅಂಟಿದ ಎಣ್ಣೆ ಜಿಡ್ಡನ್ನು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆಯುವ ತೊಟ್ಟಿ ಅದು. ನೀರು ಕಾಯಿಸುವ ಹೀಟರು ಒಂದು ಪಟ್ಟಿಯ ಆಧಾರದಲ್ಲಿ ಅಂಚಿನಿಂದ ಒಳಕ್ಕೆ ಇಳಿಬಿದ್ದಿರುತ್ತಿತ್ತು. ಪಟ್ಟಿಗೆ ಸಾಲಾಗಿ ಎಂಟು ತೂತು. ಬೋಲ್ಟು ಬಿಗಿದ ಕಡೆ ಅದರ ತಲೆಯ ದುಂಡು ಗುರುತು ಉಳಿಯುತ್ತದೆ. ಮೇಸ್ತ್ರಿ ಎಲ್ಲವನ್ನೂ ಹೆಬ್ಬೆರಳಿನಿಂದ ಒರೆಸಿ ನೋಡಿದ್ದ. ಮೊದಲನೆಯ ತೂತಿನಿಂದ ಎಂಟನೆಯದರವರೆಗೆ ಒಂದನ್ನೂ ಬಿಡದೆ ಗುರುತಿತ್ತು. ಅಂದರೆ ಹೀಟರು ಇದ್ದ ಜಾಗದಿಂದ ಏಳು ತೂತು ಮೇಲಕ್ಕೆ ಏರಿತ್ತು.

ಮೂರು ತಿಂಗಳ ಹಿಂದೆ ಇದೇ ತೊಟ್ಟಿಯ ಮುಂದೆ ಕರೆಂಟು ಹೊಡೆದು ಸತ್ತವಳು ಅವನ ಮಗಳು.

"ಇಂಥವರೇ ಅಂತ ಹೇಗೆ ಹೇಳೋದು ಮೇಸ್ತ್ರಿ?" ಎಂದ ಸೂಪರ್‌ವೈಸರು. ತೆಳ್ಳಗಿನ ಮನುಷ್ಯ. ಯಾರು ಏನು ಹೇಳಿದರೂ 'ಆಗ್ಲಿ ಬಿಡಿ' ಅನ್ನುವುದು ಅವನ ವಾಡಿಕೆಯಾದ್ದರಿಂದ ಕೆಲಸದವರೆಲ್ಲ ಅವನಿಗೆ ಆಗ್ಲಿಬಿಡಿ ಎಂದೇ ಹೆಸರಿಟ್ಟಿದ್ದರು. "ತಳದಲ್ಲಿ ಗಸಿ ಕಟ್ಟುತ್ತೆ. ಗಸಿಯೊಳಗೆ ಹೂತ್ಕೊಂಡ್ರೆ ಹೀಟರು ಸುಟ್ಟುಹೋಗುತ್ತೆ. ಟ್ಯಾಂಕು ಬರಿದು ಮಾಡಿ ತೊಳೀಬೇಕು ಅಂದ್ರೆ ಒಂದು ದಿನ ಕೆಲಸ ನಿಲ್ಲುತ್ತೆ. ಒಂದು ತೂತು ಎತ್ತಿದ್ರೆ ಎರಡು ತಿಂಗಳು ನಡೆಯುತ್ತೆ. ಒಂದ್ಸಲ ಬೆಳಗಿನ ಪಾಳಿಯೋರು ಎತ್ತಿದ್ರು, ಒಂದ್ಸಲ ಸಂಜೆ ಪಾಳಿಯೋರು. ನಾನೂ ಒಂದು ಎತ್ತಿರಬಹುದು."

"ಎತ್ತಿರಬಹುದೋ, ಎತ್ತಿದೆಯೋ?"

"ಎತ್ತಿದೆ."

ಮೇಸ್ತ್ರಿ ಪಟ್ಟಿಯನ್ನು ನೆಲಕ್ಕೆ ಎಸೆದ. ಅದರ ಸದ್ದಿಗೆ ಬಾಗಿಲ ಬಳಿ ನಿಂತಿದ್ದ ಹೆಂಗಸರು ಬೆಚ್ಚಿಬಿದ್ದರು. ಹೀಟರಿನ ಕಾಯುವ ಭಾಗ ಗಸಿಗಿಂತ ಮೇಲಿರಬೇಕು, ನೀರಿನ ಮಟ್ಟಕ್ಕಿಂತ ಚೆನ್ನಾಗಿ ಕೆಳಗಿರಬೇಕು. ಇದು ಈ ಕಸುಬಿನ ಮೊದಲನೆಯ ಪಾಠ. ಏಳು ತೂತು ಏರಿದ ಹೀಟರಿನ ಮೇಲೆ ಉಳಿದದ್ದು ನಾಲ್ಕು ಬೆರಳು ನೀರು. ಆ ನೀರು ಆವಿಯಾದ ದಿನ ಕೊಳವೆ ಗಾಳಿಗೆ ತೆರೆದುಕೊಂಡಿತು, ಕೆಂಪಗೆ ಕಾದು ಬಿರಿಯಿತು. ಬಿರುಕು ಉಗುರಿನಷ್ಟು ಉದ್ದವಿತ್ತು. ಆಮೇಲೆ ಯಾರೋ ತೊಟ್ಟಿಗೆ ನೀರು ತುಂಬಿದ್ದರು. ಬಿರುಕಿನೊಳಗೆ ನೀರು ಹೋಯಿತು, ನೀರಿನೊಳಗೆ ಕರೆಂಟು ಬಂತು.

ಬಂದರೂ ಅವಳು ಸಾಯಬೇಕಾಗಿರಲಿಲ್ಲ. ಅವನು ಸ್ಟೂಲಿನಿಂದಿಳಿದು ಗೋಡೆಯ ಪೆಟ್ಟಿಗೆಯನ್ನು ತೆರೆದ. ಕರೆಂಟು ಸೋರಿದರೆ ತಾನಾಗಿಯೇ ಬೀಳುವ ಟ್ರಿಪ್ಪರ್ ಅಲ್ಲಿತ್ತು, ಆದರೆ ಒಂದು ಗೇಣು ತಂತಿ ಅದನ್ನು ಬದಿಗೆ ಬಿಟ್ಟು ನೇರವಾಗಿ ಹಾದುಹೋಗಿತ್ತು. ತೊಟ್ಟಿಯಿಂದ ಭೂಮಿಗೆ ಹೋಗಬೇಕಾದ ಅರ್ತ್ ತಂತಿಯನ್ನು ಕಾಸ್ಟಿಕ್ ತಿಂದುಹಾಕಿತ್ತು. ಹಿಡಿದೆಳೆದರೆ ತುದಿ ಕೈಗೇ ಬಂತು, ಹಸಿರು ಪುಡಿಯ ಸಮೇತ.

"ಇದು?"

"ಪದೇ ಪದೇ ಬೀಳ್ತಿತ್ತು ಮೇಸ್ತ್ರಿ. ದಿನಕ್ಕೆ ಹತ್ತು ಸಲ. ಅದಕ್ಕೆ..."

"ಅದಕ್ಕೆ ಕೂಗೋನ ಬಾಯಿಗೆ ಬಟ್ಟೆ ತುರುಕಿದ್ರಿ."

ಅಷ್ಟರಲ್ಲಿ ಮ್ಯಾನೇಜರು ಬಂದರು. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಸಹಿ ಹಾಕಬೇಕಾದ ಕಾಗದ. ಹೀಟರನ್ನು ಸರಿಯಾಗಿ ಕೂರಿಸಿ ಪರೀಕ್ಷೆ ಮಾಡಲಾಗಿದೆ ಎಂದು ಅದರಲ್ಲಿ ಆಗಲೇ ಅಚ್ಚಾಗಿತ್ತು.

"ಟೀ ತಗೊಳ್ಳಿ ಮೇಸ್ತ್ರಿ. ನಿಮ್ಮ ದುಃಖ ಬೇರೆಯಲ್ಲ, ನಮ್ಮ ದುಃಖ ಬೇರೆಯಲ್ಲ. ಏನು ಮಾಡೋದು, ಆಯಸ್ಸು ಅಷ್ಟೇ ಇತ್ತು. ದೇವರು ಕರ್ಕೊಂಡ."

ಮೇಸ್ತ್ರಿ ಲೋಟ ಮುಟ್ಟಲಿಲ್ಲ. ಬೆಳಗಿನ ಪ್ರಾರ್ಥನೆ ಮುಗಿಸದೆ ಬಾಯಿಗೆ ನೀರು ಹಾಕದವನು ಅವನು. 'ದೇವರ ಮೇಲೆ ಭಾರ ಹಾಕಿ, ಆದರೆ ಅರ್ತ್ ತಂತಿ ಬಿಗಿ ಮಾಡಿ ಆಮೇಲೆ ಹಾಕಿ' ಎಂದು ತನ್ನ ಕೈಕೆಳಗೆ ಕಲಿತವರಿಗೆಲ್ಲ ಹೇಳುತ್ತಿದ್ದವನು. ಮೂರು ತಿಂಗಳಿಂದ ಅವನು ಬೆಳಿಗ್ಗೆ ಎದ್ದು ಕೈ ಜೋಡಿಸಿ ನಿಲ್ಲುತ್ತಿದ್ದನೇ ಹೊರತು ಬಾಯಿಂದ ಮಾತು ಹೊರಡುತ್ತಿರಲಿಲ್ಲ.

"ದೇವರ ಹೆಸರು ಎತ್ತಬೇಡಿ ಸಾರ್," ಎಂದ. "ಅವನು ಈ ಪಟ್ಟೀನ ಮುಟ್ಟಿಲ್ಲ. ಟ್ರಿಪ್ಪರ್ ತಪ್ಪಿಸಿ ತಂತಿ ಎಳೆದಿಲ್ಲ. ಐವತ್ತು ವರ್ಷದಿಂದ ಅವನಿಗೆ ಕೈ ಮುಗೀತಾ ಇದ್ದೀನಿ ನಾನು. ನಿಮ್ಮ ಕೊಳಕು ಕೈ ಒರೆಸ್ಕೊಳ್ಳೋಕೆ ಅವನ ಬಟ್ಟೆ ಹುಡುಕಬೇಡಿ."

ಮ್ಯಾನೇಜರ ಮುಖ ಕಪ್ಪಿಟ್ಟಿತು. "ಆಯ್ತು, ಆಯ್ತು. ಸಂಜೆ ಪಾಳಿಗೆ ನೀರು ಬಿಸಿಯಾಗಬೇಕು. ಹೊಸ ಹೀಟರು ತರಿಸಿದ್ದೀವಲ್ಲ, ಹಾಕಿಬಿಡಿ."

"ಗಸಿ ಹಾಗೇ ಇದೆ. ಅದರ ಮೇಲೆ ಹಾಕಿದ್ರೆ ಮೊದಲನೇ ದಿನವೇ ಎಂಟನೇ ತೂತು. ಟ್ಯಾಂಕು ಬರಿದಾಗಬೇಕು, ತಳ ಕಾಣಬೇಕು. ಅರ್ತ್ ಹೊಸದು, ಟ್ರಿಪ್ಪರ್ ಹೊಸದು. ನೀರು ಕಡಿಮೆಯಾದ್ರೆ ಹೀಟರು ತಾನೇ ನಿಲ್ಲಬೇಕು, ಅದಕ್ಕೊಂದು ಫ್ಲೋಟು. ಇಷ್ಟಾಗೋವರೆಗೂ ನಾನು ಸ್ವಿಚ್ ಒತ್ತಲ್ಲ."

"ಬೇರೆಯವರಾದ್ರೆ ಒಂದು ಗಂಟೇಲಿ ಹಾಕಿ ಹೋಗ್ತಾರೆ."

"ಕರೆಸಿ."

ಮೇಸ್ತ್ರಿ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬತೊಡಗಿದ. ಆಗ್ಲಿಬಿಡಿ ಗಾಬರಿಯಾಗಿ, "ಸಾರ್, ಬೇರೆಯವರು ಹಾಕಿದ್ರೆ ಹೆಣ್ಮಕ್ಕಳು ನಿಲ್ಲಲ್ಲ ಅಂತ ತಾನೇ ನಾವು ಇವರನ್ನ..." ಎಂದು ಶುರುಮಾಡಿ, ಮ್ಯಾನೇಜರ ಕಣ್ಣು ನೋಡಿ ನಾಲಿಗೆ ಕಚ್ಚಿಕೊಂಡ.

ಬಾಗಿಲ ಬಳಿಯಿಂದ ಒಂದು ದನಿ ಬಂತು. "ಹೇಳಿಬಿಡಪ್ಪ, ಅರ್ಧಕ್ಕೆ ಯಾಕೆ ನುಂಗ್ತೀಯ? ಗಂಟಲಲ್ಲಿ ಸಿಕ್ಕೊಂಡೀತು." ಅವಳನ್ನು ಎಲ್ಲರೂ ದಪ್ಪಕ್ಕ ಎನ್ನುತ್ತಿದ್ದರು, ಅವಳೂ ಹಾಗೇ ಹೇಳಿಕೊಳ್ಳುತ್ತಿದ್ದಳು. ಮೇಸ್ತ್ರಿಯ ಮಗಳ ಪಕ್ಕದಲ್ಲಿ ಒಂಬತ್ತು ವರ್ಷ, ಸಾಮಾನು ತುಂಬಿದ ಬುಟ್ಟಿಯನ್ನು ಕಬ್ಬಿಣದ ಕೊಕ್ಕೆಯಿಂದ ತೊಟ್ಟಿಗೆ ಇಳಿಸಿ ಎತ್ತಿದವಳು. "ಮೂರು ತಿಂಗಳಿಂದ ನಾವ್ಯಾರೂ ಈ ಟ್ಯಾಂಕಿನ ಹತ್ತಿರ ಸುಳೀತಾ ಇಲ್ಲ ಮೇಸ್ತ್ರಿ. 'ಹೆತ್ತ ಅಪ್ಪನೇ ಬಂದು ಕೂರಿಸಿದ್ದಾನೆ, ಇನ್ನೇನು ನಿಮಗೆ ಹೆದರಿಕೆ' ಅಂತ ನಮ್ಮನ್ನ ನಿಲ್ಲಿಸಬೇಕಲ್ಲ. ಅದಕ್ಕೆ ನಿಮ್ಮನ್ನ ಕರೆಸಿರೋದು."

ಮೇಸ್ತ್ರಿಯ ಕೈ ಚೀಲದೊಳಗೇ ನಿಂತಿತು. ತಾನೇ ಹಟ ಮಾಡಿ ಒಪ್ಪಿಕೊಂಡ ಕೆಲಸ ಅದು. ಬೆಳಿಗ್ಗೆ ಹೊರಡುವಾಗ ಹೆಂಡತಿ, "ಊರಲ್ಲಿ ಬೇರೆ ಕೈಗಳಿರಲಿಲ್ವಾ? ಅವಳನ್ನ ತಿಂದ ತೊಟ್ಟಿಗೆ ನೀವೇ ಕೈ ಹಾಕ್ಬೇಕಾ?" ಎಂದು ಕೇಳಿದ್ದಳು. ಬೇರೆ ಯಾರಾದರೂ ಹಾಕಿದರೆ ಹೇಗೆ ಹಾಕುತ್ತಾರೆಂದು ನನಗೆ ಗೊತ್ತು ಎಂದು ರೇಗಿ ಬಂದಿದ್ದ. ಇವರಿಗೆ ಬೇಕಾಗಿದ್ದದ್ದು ಅವನ ಕೈಯ ಕೆಲಸವಲ್ಲ. ಸತ್ತವಳ ಅಪ್ಪ ಎಂಬ ಒಂದು ಮುಖ. ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸುತ್ತಾರೆ, ಇಲ್ಲಿ ಬೆದರು ಬಿಡಿಸುವ ಬೊಂಬೆ.

ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಬಾಗಿಲವರೆಗೆ ಹೋದ. ಹೆಂಗಸರು ದಾರಿ ಬಿಟ್ಟರು. ಅವರಲ್ಲೊಬ್ಬಳ ತೋಳುಗಳ ಮೇಲೆ ಕಾಸ್ಟಿಕ್ ಸಿಡಿದ ಕಲೆಗಳಿದ್ದವು, ಮಗಳ ತೋಳುಗಳ ಮೇಲೆ ಇದ್ದ ಹಾಗೆಯೇ. ಅವನು ಅದನ್ನು ನೋಡಿದ. ಚೀಲವನ್ನು ಅಲ್ಲಿಯೇ ಕೆಳಗೆ ಕುಕ್ಕಿದ.

"ನನ್ನ ಮುಖ ಬೇಕಾದ್ರೆ ನನ್ನ ಮಾತೂ ನಡೀಬೇಕು ಸಾರ್. ನಾಳೆ ಸಂಜೆವರೆಗೆ ಟೈಮು. ಆಗಲ್ಲ ಅಂದ್ರೆ ಈಗಲೇ ಹೇಳಿ. ಏಳು ತೂತಿನ ಕಥೆ ಇವರಿಗೆಲ್ಲ ಬಿಡಿಸಿ ಹೇಳಿ ಮನೆಗೆ ಹೋಗ್ತೀನಿ."

ಮ್ಯಾನೇಜರು ಹೊರಗೆ ಹೋಗಿ ಯಾರಿಗೋ ಫೋನು ಮಾಡಿದರು. ಟೀಯ ಮೇಲೆ ಕೆನೆ ಕಟ್ಟುವಷ್ಟು ಹೊತ್ತಾದ ಮೇಲೆ ಬಂದು, "ನಾಳೆ ಸಂಜೆ. ಆಮೇಲೆ ಒಂದು ನಿಮಿಷ ಇಲ್ಲ," ಎಂದರು.

ನೀರು ಹರಿದುಹೋದ ಮೇಲೆ ತಳದಲ್ಲಿ ಮೊಣಕಾಲು ಮಟ್ಟದ ಕಪ್ಪು ಗಸಿ ಕಂಡಿತು. ಮೇಸ್ತ್ರಿ ಸಲಿಕೆಯನ್ನು ಆಗ್ಲಿಬಿಡಿಯ ಕೈಗೆ ಕೊಟ್ಟ. "ನೀನು ಎತ್ತಿದ್ದು ಒಂದು ತೂತು ತಾನೇ? ಒಂದು ತೂತಿನಷ್ಟು ತೆಗೆದು ಹೋಗು."

"ಹ್ಞೂಂ, ಈಗ ಅನ್ನಪ್ಪ ಆಗ್ಲಿ ಬಿಡಿ ಅಂತ," ಎಂದಳು ದಪ್ಪಕ್ಕ.

ಆಗ್ಲಿಬಿಡಿ ಮೊಣಕೈವರೆಗೆ ಗ್ಲೌಸು ಹಾಕಿಕೊಂಡು ತೊಟ್ಟಿಗಿಳಿದ. ಒಂದು ತೂತಿನಷ್ಟು ಮುಗಿದರೂ ಹತ್ತಿ ಬರಲಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ಮೂವತ್ತೊಂದು ಬಕೆಟ್ಟು ಗಸಿ ಹೊರಗೆ ಬಂದಿತ್ತು.

ಮರುದಿನ ಮೇಸ್ತ್ರಿ ಹೊಸ ಅರ್ತ್ ತಂತಿ ಎಳೆಯುತ್ತಿದ್ದಾಗ ದಪ್ಪಕ್ಕ ಒಂದು ಗಂಟು ತಂದು ಅವನ ಪಕ್ಕದಲ್ಲಿಟ್ಟಳು. ಬಿಚ್ಚಿದರೆ ಮೊಣಕಾಲುದ್ದದ ಕಪ್ಪು ರಬ್ಬರ್ ಬೂಟುಗಳು.

"ಅವಳ ಕಪಾಟಿನಲ್ಲಿದ್ದವು. ಆವತ್ತು ಆಸ್ಪತ್ರೆಯೋರು ಬಿಚ್ಚಿಕೊಟ್ಟಿದ್ದು, ನಾನೇ ಅಲ್ಲಿಟ್ಟಿದ್ದೆ."

ಅವು ಯಾರು ಕೊಂಡದ್ದೆಂದು ಮೇಸ್ತ್ರಿಗೆ ಹೇಳಬೇಕಾಗಿರಲಿಲ್ಲ. ಸಾಯುವುದಕ್ಕೆ ಒಂದು ತಿಂಗಳ ಮುಂಚೆ ಊಟಕ್ಕೆ ಕೂತಾಗ ಮಗಳು, "ಅಪ್ಪಾ, ಬುಟ್ಟಿಯ ಕೊಕ್ಕೆ ಹಿಡಿದ್ರೆ ಕೈ ಜುಮ್ ಅನ್ನುತ್ತೆ," ಎಂದಿದ್ದಳು. ಅವನು ನಕ್ಕಿದ್ದ. "ಜುಮ್ ಅನ್ನೋದಕ್ಕೆಲ್ಲ ಹೆದರಿದ್ರೆ ನಾನು ನಲವತ್ತು ವರ್ಷ ಈ ಕೆಲಸ ಹೇಗೆ ಮಾಡ್ತಿದ್ದೆ? ಕರೆಂಟಿನೋನ ಮಗಳು ಕಣೇ ನೀನು." ಮಾರನೆಯ ದಿನವೇ ಹೋಗಿ ಬೂಟು ತಂದುಕೊಟ್ಟಿದ್ದ. ಒಂದು ಸಲ ಬಂದು ತೊಟ್ಟಿಯನ್ನು ನೋಡಿರಲಿಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು ದಪ್ಪಕ್ಕ. "ನಮಗೆಲ್ಲ ಕೊಕ್ಕೆ ಮುಟ್ಟೋಕೆ ಹೆದರಿಕೆ ಆಗ್ತಿತ್ತು. ಅವಳು ನಗೋಳು. ಪಕ್ಕಕ್ಕೆ ಸರೀರೇ, ನನಗೆ ನಮ್ಮಪ್ಪನ ಬೂಟಿದೆ ಅಂತ ನಮ್ಮ ಪಾಲಿನ ಬುಟ್ಟೀನೂ ಅವಳೇ ಎತ್ತೋಳು."

ಮೇಸ್ತ್ರಿಯ ಕೈಯಲ್ಲಿದ್ದ ಇಕ್ಕಳದ ಹಿಡಿ ಒತ್ತಿ ಅಂಗೈ ಬೆಳ್ಳಗಾಯಿತು. ಆ ದಿನ ಅವಳ ಬಲಗೈ ಕೊಕ್ಕೆಯ ಮೇಲಿತ್ತು. ಭಾರಕ್ಕೆ ಆಸರೆಯೆಂದು ಎಡಗೈಯಲ್ಲಿ ಪಕ್ಕದ ಕಬ್ಬಿಣದ ಕಂಬ ಹಿಡಿದಿದ್ದಳು. ಕರೆಂಟು ಕಾಲು ಹುಡುಕಿಕೊಂಡು ಹೋಗಲೇ ಇಲ್ಲ. ಈ ಕೈಯಿಂದ ಆ ಕೈಗೆ, ಎದೆಯ ಮೂಲಕ ಹೋಯಿತು. ಮೂರು ತಿಂಗಳಿಂದ ಅದು ಅವನಿಗೆ ಗೊತ್ತಿತ್ತು. ಬುಟ್ಟಿಗಳ ವಿಷಯ ಗೊತ್ತಿರಲಿಲ್ಲ.

ಮಧ್ಯಾಹ್ನ ಅವನು ತಳದಿಂದ ಒಂದು ಗೇಣು ಮೇಲೆ ಹೀಟರಿಗೆ ಜಾಗ ಅಳೆದ. ಹೀಟರಿನ ಕಾಯುವ ಭಾಗದ ತಲೆಯಿಂದ ಒಂದು ಗೇಣು ಮೇಲಕ್ಕೆ ಅಳೆದು ತೊಟ್ಟಿಯ ಗೋಡೆಗೆ ಕೆಂಪು ಗೆರೆ ಎಳೆದ. ಗೆರೆಯ ಮಟ್ಟಕ್ಕೆ ಫ್ಲೋಟು ಕೂರಿಸಿದ. ಹೊಸ ಪಟ್ಟಿಯನ್ನು ಕೊರೆಯುವಾಗ ಪಕ್ಕದಲ್ಲಿ ನಿಂತಿದ್ದ ಆಗ್ಲಿಬಿಡಿ, "ಒಂದೇ ತೂತಾ ಮೇಸ್ತ್ರಿ?" ಎಂದು ಕೇಳಿದ.

"ಒಂದೇ."

ಕಾಸ್ಟಿಕ್ ಹಾಕುವ ಮುಂಚೆ ಬರಿಯ ನೀರು ತುಂಬಿಸಿ ಸ್ವಿಚ್ ಒತ್ತಿದ. ನೀರನ್ನು ಗೆರೆಗಿಂತ ಕೆಳಗಿಳಿಸಿ ನೋಡಿದ, ಹೀಟರು ನಿಂತಿತು. ಮತ್ತೆ ತುಂಬಿಸಿದ. ಟ್ರಿಪ್ಪರಿನ ಗುಂಡಿ ಒತ್ತಿದ, ಟಪ್ಪೆಂದು ಬಿತ್ತು. ಮತ್ತೆ ಏರಿಸಿ ನೀರಿಗೂ ಕಂಬಕ್ಕೂ ಮೀಟರು ಹಿಡಿದ. ಮುಳ್ಳು ಅಲುಗಲಿಲ್ಲ. ಮೂರು ಸಲ ಹಿಡಿದ.

ಮ್ಯಾನೇಜರು ಕಾಗದ ಹಿಡಿದು ಬಂದರು. ಹೆಂಗಸರು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. "ಮುಗೀತಲ್ಲ? ನೀವೇ ಒಂದು ಮಾತು ಹೇಳಿ ಇವರಿಗೆ."

ಮೇಸ್ತ್ರಿ ಚಪ್ಪಲಿ ಬಿಟ್ಟು, ಮಗಳ ಬೂಟುಗಳ ಪಕ್ಕದಲ್ಲಿ ಜೋಡಿಸಿಟ್ಟ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಡೆದುಹೋಗಿ ತೊಟ್ಟಿಯ ಮುಂದೆ ನಿಂತ. ಎಡಗೈಯಿಂದ ಕಂಬವನ್ನು ಹಿಡಿದುಕೊಂಡ. ತುಟಿ ಸ್ವಲ್ಪ ಅಲುಗಿತು. ಬಲಗೈಯನ್ನು ಮಣಿಕಟ್ಟಿನವರೆಗೆ ನೀರಿನಲ್ಲಿ ಮುಳುಗಿಸಿದ.

ಗೋಡೆಯ ಕಡೆಯಿಂದ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ಜುಮ್ ಅನ್ನಲಿಲ್ಲ. ನೀರು ನೀರಿನ ಹಾಗೆಯೇ ಇತ್ತು.

ಸ್ವಲ್ಪ ಹೊತ್ತಾದ ಮೇಲೆ ದಪ್ಪಕ್ಕ ಹತ್ತಿರ ಬಂದು, "ಸಾಕು ಮೇಸ್ತ್ರಿ, ನೋಡಿದ್ವಿ. ತೆಗೀರಿ ಕೈ," ಎಂದಳು.

ಅವನು ತೆಗೆಯಲಿಲ್ಲ. ಮ್ಯಾನೇಜರು ಕಾಗದವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಕಾಯುತ್ತಿದ್ದರು. ಮುದುಕನ ಮಣಿಕಟ್ಟಿನ ಸುತ್ತ ನೀರು ನಿಧಾನವಾಗಿ ಬೆಚ್ಚಗಾಗುತ್ತಿತ್ತು.